ಟೀವಿ ಸುತ್ತಲಿನ ಗೋಡೆಗೆ ಮೊದಲ ಬಹುಮಾನ

ಕೆಜಿಎಫ್‌ನ ಕಾರ್ಖಾನೆಯೊಂದರ ವಸತಿಗೃಹಗಳಲ್ಲಿ ಗೋಡೆಗೆ ಟೀವಿ ನೇತುಹಾಕುವವರು ಪೂರ್ವಾನುಮತಿ ಪಡೆಯತಕ್ಕದ್ದು ಎಂಬ ನಿಯಮವು ಓಂಕಾರಪ್ಪ ಅರ್ಜಿ ಕೊಟ್ಟ ದಿನವೇ ಜಾರಿಗೆ ಬಂತು. ಅದಕ್ಕೆ ಮೊದಲು ಅಲ್ಲಿ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಗೋಡೆ ಕೊರೆದು, ನೇತುಹಾಕಿ, ನೋಡುತ್ತಿದ್ದರು. ಆದರೆ ಓಂಕಾರಪ್ಪ ಮೂವತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವನು. ಒಂದು ನಟ್ಟು ಬಿಚ್ಚಬೇಕಾದರೂ ಚೀಟಿ ಬರೆಸಿಕೊಂಡೇ ಅವನಿಗೆ ಅಭ್ಯಾಸ.

ಅವನ ತಾಯಿ ಚೌಡಮ್ಮನಿಗೆ ಬೇಕಾಗಿದ್ದು ಸಂಜೆ ಏಳೂವರೆಯ ಧಾರಾವಾಹಿ, ಅಷ್ಟೇ. ಅದರಲ್ಲಿ ಸೊಸೆಯ ಮೇಲೆ ಓಲೆ ಕದ್ದ ಅಪವಾದ ಬಂದು ಮೂರು ವರ್ಷವಾಗಿತ್ತು. ದಸರಾ ಕಳೆದ ಮೊದಲ ಶುಕ್ರವಾರ ನಿಜವಾದ ಕಳ್ಳಿ ಸಿಕ್ಕಿಬೀಳುತ್ತಾಳೆಂದು ಟೀವಿಯವರೇ ಸಾರಿದ್ದರು. ಮಂಜುಗಣ್ಣಿನ ಮುದುಕಿಗೆ ಕಾಣಲಿ ಎಂದೇ ಮಗ ದೊಡ್ಡ ಟೀವಿ ತಂದಿದ್ದ.

"ಕದ್ದೋಳು ನಾದಿನೀನೇ ಕಣಪ್ಪ. ಅದನ್ನ ನನ್ ಕಣ್ಣಾರೆ ನೋಡ್ಬೇಕು," ಎಂದಿದ್ದಳು ಅವಳು.

ವಸತಿ ವಿಭಾಗದ ಸೂಪರಿಂಟೆಂಡೆಂಟ್ ಆಂಜಿನಪ್ಪನವರು ಅರ್ಜಿಯನ್ನು ಮೂರು ಸಲ ಓದಿದರು. ಟೀವಿಗೆ ನಿಯಮವಿರಲಿಲ್ಲ, ಯಂತ್ರಕ್ಕಿತ್ತು. ಆದ್ದರಿಂದ ಟೀವಿಯ ಸುತ್ತ ಒಂದೂವರೆ ಅಡಿ ಬಿಟ್ಟು ಹಳದಿ ಗೆರೆ ಎಳೆಯತಕ್ಕದ್ದು, ಪಕ್ಕದಲ್ಲಿ ಮರಳಿನ ಬಕೆಟ್ ತೂಗುಹಾಕತಕ್ಕದ್ದು ಎಂದು ಆದೇಶವಾಯಿತು. ಹಾಗೆ ಮಾಡಿದ ಮೇಲೆ ಮನೆ ವರ್ಕ್‌ಶಾಪಿನಂತೆ ಕಂಡಿತು. ಇದು ಕಣ್ಣಿಗೆ ಹಿತವಲ್ಲವೆಂದು ಆಂಜಿನಪ್ಪನವರೇ ಮನಗಂಡು 'ಟೀವಿ ಸುತ್ತಲ ಗೋಡೆ ಅಲಂಕಾರ ಅಭಿಯಾನ' ಘೋಷಿಸಿ, ಅಂದದ ಗೋಡೆಗೆ ಬಹುಮಾನವನ್ನೂ ಇಟ್ಟರು. ಸಾಮಾನನ್ನು ನೋಂದಾಯಿತ ಸರಬರಾಜುದಾರರಿಂದಲೇ ಕೊಳ್ಳತಕ್ಕದ್ದು. ನೋಂದಾಯಿತನಾಗಿದ್ದವನು ಬಂಗಾರಪೇಟೆಯ ಮಂಜೇಶ್ ಒಬ್ಬನೇ. ಅವನು ಆಂಜಿನಪ್ಪನವರ ಬಾಮೈದನಾಗಿರುವುದು ಕೇವಲ ಕಾಕತಾಳೀಯವೆಂದು ಸುತ್ತೋಲೆಯಲ್ಲೇ ಸ್ಪಷ್ಟಪಡಿಸಲಾಗಿತ್ತು.

ಮಂಜೇಶ್ ಮರದ ಹಲಗೆ ಬಡಿದ, ಶೆಲ್ಫು ಕೂರಿಸಿದ, ಸೀರಿಯಲ್ ಲೈಟು ಎಳೆದ, ಪ್ಲಾಸ್ಟಿಕ್ ಬಳ್ಳಿ ಹಬ್ಬಿಸಿದ. ಬಳ್ಳಿ ಟೀವಿಯ ಮೇಲೂ ಇಳಿಯಿತು.

"ಲೇ ಮಂಜೇಶ, ಸೊಸೆ ಮಕ ಎಲೆ ಇಂದೆ ಓಗೈತೆ. ಒಸಿ ಸರ್ಸಲಾ."

"ಆಗಲ್ಲಜ್ಜಿ. ಎಲೆ ನಕ್ಷೇಲೈತೆ. ಒಂದು ಕಿತ್ರೂ ಅಲಂಕಾರ ಅಪೂರ್ಣ ಅಂತ ಬರೀತಾರೆ."

ಚೌಡಮ್ಮನಿಗೆ ಮೈಯೆಲ್ಲ ಉರಿಯಿತು. ಆ ವಾರವೆಲ್ಲ ಎಲೆಗಳ ಸಂದಿಯಿಂದ ಅವಳು ನೋಡಿದ್ದು ನಾದಿನಿಯ ಮೊಣಕೈ ಮಾತ್ರ. ಮೊಣಕೈ ನೋಡಿದರೂ ಕಳ್ಳಿಯೆಂದು ಗೊತ್ತಾಗುತ್ತಿತ್ತು.

ಅಂತಿಮ ತಪಾಸಣೆಗೆ ಆಂಜಿನಪ್ಪನವರು ಟೇಪು ಹಿಡಿದು ಬಂದರು. ಗೋಡೆ ನೋಡಿ ತಲೆದೂಗಿದರು.

"ಎಲ್ಲಾ ಚೆನ್ನಾಗೈತೆ ಓಂಕಾರಪ್ಪ. ಮಧ್ಯದಲ್ಲಿ ಕರ್ರಗಿರೋದೇನು?"

"ಟೀವಿ ಸಾರ್."

"ಅದರ ಬಿಸಿಗೆ ಎಲೆ ಬಣ್ಣ ಓಗ್ತದಲ್ಲಪ್ಪ."

"ಸಾರ್, ಆ ಟೀವಿಗೋಸ್ಕರಾನೇ ಅಲ್ವಾ ಈ ಅಲಂಕಾರ?"

"ನೀನು ಗೋಡೆ ಕೊರೆಯೋಕೆ ಅನುಮತಿ ಕೇಳಿದೀಯ. ನೋಡೋಕೆ ಕೇಳಿಲ್ವಲ್ಲ?"

ಓಂಕಾರಪ್ಪ ಅರ್ಜಿಯ ಪ್ರತಿ ತೆಗೆದು ಓದಿದ. ಕೇಳಿರಲಿಲ್ಲ. ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಟೀವಿಯನ್ನು ರಸೀದಿ ಕೊಟ್ಟು ಇಳಿಸಿ, ಸುರಕ್ಷತೆಗಾಗಿ ಕಚೇರಿಯ ಗೋಡೆಗೆ ಹಾಕಲಾಯಿತು. ಅದು ಸುಸ್ಥಿತಿಯಲ್ಲಿದೆಯೇ ಎಂದು ಸಿಬ್ಬಂದಿ ನಿತ್ಯ ಪರೀಕ್ಷಿಸುತ್ತಿದ್ದರು. ಕ್ರಿಕೆಟ್ ಇದ್ದ ದಿನ ಬಿಡುವಿಲ್ಲದೆ ಪರೀಕ್ಷಿಸುತ್ತಿದ್ದರು.

ಅಡ್ಡಿ ತೊಲಗಿದ್ದರಿಂದ ಆ ಗೋಡೆಗೆ ಮೊದಲ ಬಹುಮಾನ ಬಂತು. ಬಹುಮಾನ ಇನ್ನೂ ದೊಡ್ಡದೊಂದು ಟೀವಿ. ಅದು ಗೋಡೆಯ ಅಂದ ಕೆಡಿಸಬಾರದೆಂದು ನೇರವಾಗಿ ಆಂಜಿನಪ್ಪನವರ ಮನೆಗೆ ಕಳಿಸಲಾಯಿತು. ಓಂಕಾರಪ್ಪ ತಲುಪಿದೆ ಎಂದು ಸಹಿ ಹಾಕಿದ. ಇದನ್ನು ಕಂಡು ಇಡೀ ಸಾಲಿನ ಮನೆಯವರು ಅರ್ಜಿ ಹಿಡಿದು ಓಡಿದರು.

ಕಳ್ಳಿ ಸಿಕ್ಕಿಬೀಳಬೇಕಾಗಿದ್ದ ಆ ಶುಕ್ರವಾರ ಏಳೂವರೆಗೆ ಚೌಡಮ್ಮ ಪಕ್ಕದ ಮನೆಯ ಪುಷ್ಪಳ ಬಾಗಿಲು ಬಡಿದಳು. ಪುಷ್ಪಳ ಗೋಡೆಗೂ ಎರಡನೇ ಬಹುಮಾನ ಬಂದಾಗಿತ್ತು. ಆದ್ದರಿಂದ ಇಬ್ಬರೂ ಮೊದಲ ಬಹುಮಾನದ ಗೋಡೆಯೆದುರೇ ಬಂದು ಕೂತರು. ಬಳ್ಳಿಯ ನಡುವೆ ಖಾಲಿ ಚೌಕವಿತ್ತು. ಮೂರು ವರ್ಷ ಕಾದದ್ದು ನೆನಪಾಗಿ ಚೌಡಮ್ಮನಿಗೆ ದುಃಖ ಒತ್ತರಿಸಿ ಬಂತು. ಆದರೂ ಕೂತ ಜಾಗ ಬಿಡಲಿಲ್ಲ.

ಅನ್ನಕ್ಕಿಟ್ಟು ಬಂದಿದ್ದ ಪುಷ್ಪ ನಡುವೆ ಎದ್ದು ಹೋದವಳು, ಎಂಟು ಗಂಟೆಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು.

"ಏನಾಯ್ತಮ್ಮಾ? ಕದ್ದೋಳು ಯಾರಂತ ಹೇಳಿದ್ರಾ?"

ಚೌಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಲ್ಲಿ ಯೋಳ್ತಾರೆ? ಇವತ್ತು ಬರೀ ಅಳೋದೇ ಆಯ್ತು. ಸೋಮವಾರಕ್ಕೆ ಮಡಗವ್ರೆ."