ಒಡೆಯದ ಲಕೋಟೆ

ತೆರಿಗೆ ನೋಟಿಸ್ ಬಂದರೆ ಹೆದರುವ ಜಾತಿಯವನಲ್ಲ ನಾನು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಇಪ್ಪತ್ತು ಜನಕ್ಕೆ ಮೇಲ್ವಿಚಾರಕ!

ನೋಟಿಸ್ ಬಂತು. ಹೆಂಡತಿ ಮಂಜುಳಾ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟು, ಬಾಗಿಲಿಗೆ ಬೋರ್ಡ್ ಹಾಕಿದ್ದಳು. ಅದನ್ನು ನೋಡಿ ನಮ್ಮ ಮನೆಯನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸಿರಬೇಕು ಎಂದು ಲಕೋಟೆ ಒಡೆಯದೆಯೇ ಊಹಿಸಿದೆವು. ಅಂಥದೇ ನೋಟಿಸ್ ಪಡೆದಿದ್ದ ಪಕ್ಕದ ಮನೆಯ ಸಿದ್ದಣ್ಣ ಎಚ್ಚರಿಸಿದ: "ಕೈಗೆ ಸಿಕ್ಕಿದ ಹದಿನೈದು ದಿನದೊಳಗೆ ಉತ್ತರ ಕೊಡ್ಬೇಕು ಗುರು. ಇಲ್ಲಾಂದ್ರೆ ಅವ್ರು ಬರೆದಿದ್ದೇ ಖಾಯಂ."

"ರೀ, ಒಡೆದು ನೋಡ್ರೀ. ಅಂಗಡಿ ಅಂತಾದ್ರೆ ನಾನು ಮಿಷನ್ ಮುಚ್ಚಿಡ್ಬೇಕಾಗುತ್ತೆ" ಎಂದಳು ಮಂಜುಳಾ.

"ಒಡೆದ್ರೆ ತಾನೇ ದಿನ ಶುರುವಾಗೋದು? ಒಡೀಲೇಬೇಡ!"

ಹೀಗೆ ಕಾನೂನನ್ನೇ ಮಣಿಸಿದ ನಾನು, ಒಂದು ತಿಂಗಳು ಕೂತು ಮೂರು ಪುಟದ ಉತ್ತರ ಬರೆದೆ. 'ಘನ ಸನ್ನಿಧಾನ' ಎಂಬ ಪದವೇ ಏಳು ಕಡೆ ಇತ್ತು. ಆಮೇಲೆ ಲಕೋಟೆ ಒಡೆದು, ಇಬ್ಬರೂ ತೆರಿಗೆ ಕಚೇರಿಗೆ ಹೋದೆವು.

"ಇಷ್ಟು ತಡ ಯಾಕೆ?" ಎಂದರು ಗುಮಾಸ್ತೆ ಮೇಡಂ.

"ಊರಲ್ಲಿರ್ಲಿಲ್ಲ ಮೇಡಂ. ನಿನ್ನೆ ತಾನೇ ಕೈಗೆ ಸಿಕ್ತು."

ಅವರು ತಿಂಗಳ ಹಿಂದಿನ ತಾರೀಖಿನ ಅಂಚೆಯ ಸ್ವೀಕೃತಿ ಚೀಟಿ ತೋರಿಸಿದರು. ಮಂಜುಳಾಗೆ ಖುಷಿಯೋ ಖುಷಿ. "ಅಯ್ಯೋ, ಇದು ನಂದೇ ಸಹಿ! ಪೋಸ್ಟ್‌ಮ್ಯಾನ್ ಹತ್ರ ಪೆನ್ ಇರ್ಲಿಲ್ಲ, ಇವ್ರೇ ಒಳಗಿಂದ ತಂದ್ಕೊಟ್ರು!"

ನನಗೆ ಮೇಜಿನ ಕೆಳಗೆ ತೂರಿಕೊಳ್ಳುವ ಹಾಗಾಯಿತು. ಮಂಜುಳಾ ನನ್ನ ಮುಖ ನೋಡಿದಳು. ನಾಲಿಗೆ ಕಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು: "ಇವ್ರು ಸುಳ್ಳು ಹೇಳೋರಲ್ಲ ಮೇಡಂ. ನನ್ನ ಕೆಲಸ ಎಲ್ಲಿ ನಿಂತ್ಹೋಗುತ್ತೋ ಅಂತ ಭಯ. ಒಂದು ತಿಂಗಳಿಂದ ನೆಟ್ಟಗೆ ಊಟಾನೂ ಮಾಡಿಲ್ಲ."

ಅದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಮೇಡಂ ನನ್ನ ಮೂರು ಪುಟಗಳನ್ನು ಪಕ್ಕಕ್ಕಿಟ್ಟರು. "ತಡ ಆಗಿದ್ದಕ್ಕೆ ನಿಜವಾದ ಕಾರಣ ಬರ್ಕೊಡಿ. ಒಪ್ಪೋದು ಬಿಡೋದು ಸಾಹೇಬ್ರಿಗೆ ಬಿಟ್ಟಿದ್ದು."

ನನ್ನ ಪೆನ್ನು ಮುಂದಕ್ಕೆ ಹೋಗಲೇ ಇಲ್ಲ. ಮಂಜುಳಾ ಕಸಿದುಕೊಂಡು ಬರೆದಳು: 'ಹೆದರಿ ಲಕೋಟೆ ಒಡೆಯಲಿಲ್ಲ. ತಪ್ಪಾಯಿತು. ದಯವಿಟ್ಟು ಮನೆಗೆ ಬಂದು ನೋಡಿ.'

ಸಾಹೇಬರು ಓದಿದರು, ನಕ್ಕರು, ಒಪ್ಪಿದರು. ಮುಂದಿನ ವಾರ ಸಿಬ್ಬಂದಿ ಬಂದು, ಒಂದೇ ಮಿಷನ್ ನೋಡಿ, ವಾಸದ ಮನೆ ಎಂದೇ ಬರೆದುಕೊಂಡು ಹೋದರು.

"ಇನ್ಮೇಲೆ ಭಯ ಆದ್ರೆ ನಂಗೊಂದು ಮಾತು ಹೇಳ್ರೀ" ಎಂದಳು ಮಂಜುಳಾ.

"ನಂಗೇನು ಭಯ!" ಎಂದು ಎದೆಯುಬ್ಬಿಸಿ ಕೆಲಸಕ್ಕೆ ಹೊರಟೆ.

"ಅಂಗಿ ಸರಿಯಾಗಿ ಹಾಕ್ಕೊಂಡು ಹೋಗಿ. ಬೆಳಗ್ಗೆಯಿಂದ ಉಲ್ಟಾ ಹಾಕ್ಕೊಂಡಿದೀರ!"