ಪಂಚಾಕ್ಷರಯ್ಯನ ಪಾದುಕಾ ವಿಜಯ

ಸ್ವಸ್ತಿ! ಕಾಫಿಯ ಲೋಟದಲ್ಲೂ ಮನುಷ್ಯರ ನೆತ್ತರಲ್ಲೂ ಸಕ್ಕರೆಯೇ ಏಕಚ್ಛತ್ರಾಧಿಪತ್ಯ ನಡೆಸುತ್ತಿರುವ ಈ ಕಲಿಯುಗದಲ್ಲಿ, ಕಲ್ಪವೃಕ್ಷಸಂಕುಲಶೋಭಿತವಾದ ತಿಪಟೂರಿನಲ್ಲಿ, ಸೀಟಿಯ ಒಂದೇ ನಾದದಿಂದ ಬಾಲಕಕೋಟಿಯನ್ನು ಬಿಸಿಲಿನಲ್ಲಿ ಸ್ತಂಭೀಭೂತವಾಗಿಸುತ್ತಿದ್ದ, ತಾನು ಮಾತ್ರ ಬೇವಿನ ನೆರಳಿನ ಕುರ್ಚಿ ಬಿಟ್ಟೇಳದಿದ್ದ ನಿವೃತ್ತ ಡ್ರಿಲ್ ಮೇಷ್ಟ್ರು ಪಂಚಾಕ್ಷರಯ್ಯನ ಕಥೆಯನ್ನು ಕೇಳಿರಿ. ತಾಯಿ ವಾಗ್ದೇವಿ, ನಾಲಗೆಯ ಮೇಲೆ ಬಂದು ನಿಲ್ಲು. ಬರುವಾಗ ಕಲ್ಲುಸಕ್ಕರೆ ಮಾತ್ರ ತರಬೇಡ.

ವೈಶಾಖದಲ್ಲೊಂದು ಮದುವೆ. ಹೋಳಿಗೆಗಳ ಅಕ್ಷೌಹಿಣಿಯನ್ನು ನಿರ್ದಾಕ್ಷಿಣ್ಯವಾಗಿ ಸಂಹರಿಸಿ, ಗಜಗಮನದಿಂದ ಒಬ್ಬನೇ ಮರಳಿದ ಆ ವೀರನ ಪಾದಗಳನ್ನು ಕಂಡು ಧರ್ಮಪತ್ನಿ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಬಲಗಾಲಲ್ಲಿ ಅವನದೇ ಕರಿ ಚಪ್ಪಲಿ. ಎಡಗಾಲಲ್ಲಿ ಯಾರೋ ಹೆಂಗಸಿನ ಕೆಂಪು ಚಪ್ಪಲಿ! ಹಿಮ್ಮಡಿ ಅರ್ಧ ಹೊರಗಿತ್ತು, ಪಟ್ಟಿ ಒತ್ತಿ ಕಿರುಬೆರಳು ಬೊಬ್ಬೆ ಎದ್ದಿತ್ತು. ಛತ್ರದಿಂದ ಮನೆತನಕ ಹಾಗೇ ನಡೆದುಬಂದಿದ್ದ, ಕಾಲಿಗೆ ಗೊತ್ತೇ ಆಗಿರಲಿಲ್ಲ. ಅವಳಿಗೆ ಮೊದಲು ನಗು ಬಂತು, ಬೊಬ್ಬೆ ನೋಡಿದ ಮೇಲೆ ಹೆದರಿಕೆಯಾಯಿತು.

ಡಾಕ್ಟರು ರಕ್ತ ನೋಡಿದರು, ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದನ್ನು ಕಾಲ್ಬೆರಳಿಗೆ ತಾಗಿಸಿ ನೋಡಿದರು. ಸಕ್ಕರೆ ಕಾಯಿಲೆ ಈಗಷ್ಟೇ ಶುರುವಾಗಿದೆ, ಪಾದದ ನರಗಳು ಆಗಲೇ ಮಂಕಾಗತೊಡಗಿವೆ. ಊಟ ಹಿಡಿತದಲ್ಲಿಟ್ಟು ದಿನಾ ನಡೆದರೆ ಸ್ಪರ್ಶ ಒಂದಿಷ್ಟು ಮರಳಲೂಬಹುದು ಎಂದರು. “ಇಲ್ಲಾಂದ್ರೆ ನಾಳೆ ಮೊಳೆ ಚುಚ್ಚಿದ್ರೂ ಗೊತ್ತಾಗಲ್ಲ ಮೇಷ್ಟ್ರೇ.” ಪಂಚಾಕ್ಷರಯ್ಯನಿಗೆ ನಿಜಕ್ಕೂ ಭಯವಾಯಿತು.

ಅಂದೇ ಸರ್ವಮಂಗಳಮ್ಮ ಗಂಡನ ಹಳೆಯ ಸೀಟಿಯನ್ನು ತನ್ನ ಕೊರಳಿಗೆ ಹಾಕಿಕೊಂಡು ಸೇನಾಧಿಪತ್ಯ ವಹಿಸಿದಳು. ಅನ್ನದ ಗಿರಿಶಿಖರ ಕರಗಿತು. ಮುದ್ದೆ ಕುಗ್ಗಿ, ಸೊಪ್ಪಿನ ಸಾರು, ಹುರುಳಿಕಾಳು, ಕೋಸಂಬರಿಗಳು ತಟ್ಟೆಯನ್ನು ಆಕ್ರಮಿಸಿದವು. ಉಂಡು ಕುರ್ಚಿಯತ್ತ ವಾಲಿದರೆ ಸಾಕು, ಸೀಟಿ! ಕ್ಯಾನ್ವಾಸ್ ಶೂಗಳೊಳಗೆ ಗೊಣಗುತ್ತಾ ಆ ಮಹಾರಥಿ ಕೆರೆ ಏರಿಯ ಮೇಲೆ ಸಾಗುವನು. ಮಲಗುವ ಮುನ್ನ ಅವಳು ಟಾರ್ಚ್ ಹಿಡಿದು ಅವನ ಬೆರಳಸಂದುಗಳನ್ನು ಪರೀಕ್ಷಿಸುವಳು. ಅವನಿಗೆ ನಾಚಿಕೆ, ಆದರೂ ಹಿತ.

ಮಾಘ ಬಂತು, ಮಹಾಸಮರವೂ ಬಂತು. ಅವಳ ತಮ್ಮ ಮರುಳಪ್ಪನ ಮಗಳ ಮದುವೆ. ಪಂಕ್ತಿಯ ನಡುವೆ ಹೂರಣಾಯುಧಪಾಣಿಯಾಗಿ, ತುಪ್ಪದ ಗಿಂಡಿಸಮೇತನಾಗಿ ಬಂದ ಮರುಳಪ್ಪನನ್ನು ಕಂಡು ಪಂಚಾಕ್ಷರಯ್ಯ ಎರಡೂ ಕೈಗಳನ್ನು ಎಲೆಯ ಮೇಲೆ ಅಡ್ಡವಿಟ್ಟನು.

“ಎಲೈ ಶ್ಯಾಲಕನೇ! ಸೂರ್ಯನು ಪಶ್ಚಿಮದಲ್ಲಿ ಹುಟ್ಟಿದರೂ ಈ ಕರಕವಾಟವು ತೆರೆಯದು! ಘೃತಧಾರಾಸಿಕ್ತವಾದ ನಿನ್ನ ಅಸ್ತ್ರಗಳಿಗೆ ಬೆದರುವ ಭುಜಗಳಲ್ಲ ಇವು!” ಎಂದು ಎದೆ ಗರ್ಜಿಸಿತು. ಬಾಯಿಂದ ಹೊರಟದ್ದು ಮಾತ್ರ, “ಬ್ಯಾಡ ಮಾರಾಯ, ಹೊಟ್ಟೆ ತುಂಬೈತೆ.”

ಹೋಳಿಗೆ ಮುಂಗೈ ಮೇಲೆ ಬಿತ್ತು. ತುಪ್ಪ ಮೊಣಕೈತನಕ ಹರಿಯಿತು. ಕೈ ಅಲುಗಲಿಲ್ಲ. ಆಗ ಮರುಳಪ್ಪ ಬ್ರಹ್ಮಾಸ್ತ್ರ ತೊಟ್ಟನು: “ನನ್ ಮಗಳ ಮದುವೇಲೂ ತಿನ್ನಲ್ಲ ಅಂದ್ರೆ, ನಾವೇ ಬ್ಯಾಡ ಅಂತ ತಾನೆ ಭಾವ?”

ಪಂಕ್ತಿಯ ಕತ್ತುಗಳೆಲ್ಲ ಇತ್ತ ತಿರುಗಿದವು. ಏಲಕ್ಕಿಯ ಘಮ ಮೂಗಿಗೆ ಅಡರಿ ವೀರನ ಒಂದು ಬೆರಳು ಸಡಿಲವಾಯಿತು. ಅಷ್ಟರಲ್ಲಿ ಆ ಕೆಂಪು ಚಪ್ಪಲಿ ನೆನಪಾಯಿತು.

“ಮರುಳಪ್ಪ, ನಿನ್ ಮಗಳ ಮದುವೆಗೆ ನಡ್ಕೊಂಡು ಬಂದಿದೀನಿ. ಅವಳ ಮಗೀನ ನಾಮಕರಣಕ್ಕೂ ನನ್ ಕಾಲ್ಮೇಲೇ ಬರ್ಬೇಕು ಕಣಪ್ಪ.”

ಮರುಳಪ್ಪ ಭಾವನ ಮುಂಗೈ ಮೇಲಿದ್ದ ಹೋಳಿಗೆಯನ್ನೆತ್ತಿ ತಾನೇ ತಿಂದು ಮುಂದಿನ ಎಲೆಗೆ ಹೋದನು.

ಜಯಶಾಲಿಯು ಪತ್ನೀಸಮೇತನಾಗಿ ಹೊರಬಂದು, ಛತ್ರದ ಬಾಗಿಲ ಪಾದುಕಾಸಾಗರದಲ್ಲಿ ತನ್ನ ಹೊಸ ಕರಿ ಚಪ್ಪಲಿಗಳೆಂದು ಬಗೆದ ಜೋಡಿಗೆ ಕಾಲು ತೂರಿಸಿದನು. ಬಲಗಾಲು ಸಲೀಸಾಗಿ ಹೋಯಿತು. ಎಡಗಾಲು ಇಟ್ಟವನೇ ಮುಖ ಕಿವುಚಿದ.

“ಇದು ನಂದಲ್ಲ ಕಣೇ. ಒತ್ತುತ್ತೆ.”

“ಎಲ್ಲಿ ಒತ್ತುತ್ತೆ?”

“ಕಿರುಬೆರಳ ಹತ್ರ.”

ಸರ್ವಮಂಗಳಮ್ಮ ನಗುತ್ತಿದ್ದಳು, ಕಣ್ಣು ಮಾತ್ರ ತುಂಬಿತ್ತು. “ಇನ್ನೊಂದ್ಸಲ ಹೇಳ್ರೀ,” ಎಂದಳು. ಪಂಚಾಕ್ಷರಯ್ಯ ಹೇಳಿದ.

ಅವನ ಸ್ವಂತ ಎಡ ಚಪ್ಪಲಿಯನ್ನು ಯಾರೋ ಹಾಕಿಕೊಂಡು ಹೋಗಿದ್ದರು. ಬರಿಗಾಲಲ್ಲಿ ನಡೆಯಕೂಡದೆಂದು ಡಾಕ್ಟರು ಹೇಳಿದ್ದರಿಂದ, ಹೋಳಿಗೆ ಗೆದ್ದ ವೀರನು ಒಂಟಿ ಚಪ್ಪಲಿಯಲ್ಲಿ ಆಟೋ ಹತ್ತಿ ಮನೆಗೆ ಹೋದನು.