ಹನ್ನೊಂದು ಸಲ ಕೇಳಿದ ನಗು

ನನ್ನ ಹೆಂಡತಿ ದಿನಕ್ಕೆ ಕಡಿಮೆಯೆಂದರೂ ನಲವತ್ತು ಸಲ ನಗುತ್ತಾಳೆ. ಅದರಲ್ಲಿ ಒಂದೇ ಒಂದು ನಗುವೂ ನನ್ನ ಪಾಲಿಗೆ ಬಂದದ್ದಿಲ್ಲ. ಇದು ಸುಳ್ಳಾದರೆ ನನ್ನ ಮೂವತ್ತೆರಡು ಹಲ್ಲೂ ಉದುರಿಹೋಗಲಿ. (ಉದುರಿದರೂ ಚಿಂತೆಯಿಲ್ಲ. ಹಲ್ಲು ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ಸಂಜೆಯೊಳಗೆ ಹೊಸದು ಮಾಡಿಕೊಳ್ಳುತ್ತೇನೆ.)

ಅವಳ ಉದ್ಯೋಗವೇ ನಗುವುದು. ಡಬ್ಬಿಂಗ್ ಸ್ಟುಡಿಯೋದಲ್ಲಿ ದೆವ್ವಗಳಿಗೆ ಕಂಠದಾನ ಮಾಡುತ್ತಾಳೆ. ಪರದೆಯ ಮೇಲೆ ಯಾವಳೋ ತಲೆ ಕೆದರಿಕೊಂಡು ಬಾಯಿ ತೆರೆದರೆ, ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತ ನನ್ನ ಧರ್ಮಪತ್ನಿ ನಗುತ್ತಾಳೆ. ಅಲ್ಲಿ ನಗೆಯ ಸಾಮ್ರಾಜ್ಞಿ, ಮನೆಗೆ ಬಂದರೆ ಮೌನಗೌರಿ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, "ಗಂಟಲಿಗೆ ರಜಾ ರೀ" ಎಂದು ಘೋಷಿಸಿ, ಮಿಕ್ಕ ಸಂಸಾರವನ್ನೆಲ್ಲ ಕೈಸನ್ನೆಯಲ್ಲೇ ಸಾಗಿಸುತ್ತಾಳೆ. ಒಂದು ಬೆರಳು ಎತ್ತಿದರೆ ಹಾಲು ತನ್ನಿ, ಎರಡು ಎತ್ತಿದರೆ ಕಸ ಹೊರಗಿಡಿ, ಐದೂ ಎತ್ತಿದರೆ ಸಾಕು ಬಾಯಿ ಮುಚ್ಚಿ.

ಈ ಗೋಳು ನಾನೇ ಮೈಮೇಲೆ ಎಳೆದುಕೊಂಡದ್ದು. ಮೊದಲಿನಿಂದಲೂ ಹೆದರಿಸುತ್ತ ನಗಿಸುವ ಸಿನಿಮಾಗಳೆಂದರೆ ನನಗೆ ಪ್ರಾಣ. ಬರೀ ದೆವ್ವದ ಸಿನಿಮಾ ನೋಡಿದರೆ ರಾತ್ರಿ ನಿದ್ದೆ ಬರುವುದಿಲ್ಲ, ಬರೀ ಹಾಸ್ಯದ್ದು ನೋಡಿದರೆ ಅಲ್ಲೇ ನಿದ್ದೆ ಬಂದುಬಿಡುತ್ತದೆ. ಎರಡೂ ಕಲೆಸಿದ್ದಾದರೆ ಪಕ್ಕದ ಸೀಟಿನವನು ಕಿರುಚಿ, ಕಿರುಚಿದ್ದಕ್ಕೆ ನಾಚಿ, ಅದೇ ಉಸಿರಿನಲ್ಲಿ ನಗುತ್ತಾನೆ. ಸತ್ತ ಕ್ಷೌರಿಕನೊಬ್ಬ ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಹುಡುಕಿಕೊಂಡು ಊರೆಲ್ಲ ಅಲೆಯುವ ಚಿತ್ರವನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಆದರೆ ಹನ್ನೊಂದು ಸಲ ನೋಡಿದ್ದು ಒಂದನ್ನೇ.

ಅದರಲ್ಲಿ ಬಾಯಿಬಡುಕಿ ಮನೆಯೊಡತಿಯೊಬ್ಬಳು ಸಾಯುತ್ತಾಳೆ. ಬಾಡಿಗೆದಾರರು ಒಳಗೊಳಗೇ ಖುಷಿಪಡುತ್ತ ಹೆಣ ಹೊತ್ತುಕೊಂಡು ಹೊರಟರೆ, ಹೆಣ ತಲೆಯೆತ್ತಿ, "ನಿಧಾನ ಕಣ್ರೋ, ಮುಂದೆ ಹೊಂಡ ಇದೆ" ಎನ್ನುತ್ತದೆ. ಹೊತ್ತವರು ಕೈಬಿಟ್ಟು ಓಡಿ ಅದೇ ಹೊಂಡಕ್ಕೆ ಬೀಳುತ್ತಾರೆ. ಆಗ ಅವಳು ನಗುತ್ತಾಳೆ ನೋಡಿ! ಹೊಟ್ಟೆಯೊಳಗೆಲ್ಲೋ ಗುಡುಗುಡು ಎಂದು ಶುರುವಾಗಿ, ಮೆಟ್ಟಿಲು ಹತ್ತಿ ಹತ್ತಿ, ತುತ್ತತುದಿಯಲ್ಲಿ ಒಂದು ಬಿಕ್ಕಳಿಕೆಯಾಗಿ ನಿಲ್ಲುವ ನಗು. ಆ ಬಿಕ್ಕಳಿಕೆಗೆ ನಾನು ಮನಸೋತೆ. ಹಗಲೆಲ್ಲ ನಗದ ಹಲ್ಲುಗಳ ನಡುವೆ ಕೂತಿರುವವನಿಗೆ ನಗುವಿನ ಹಸಿವು ಎಷ್ಟಿರುತ್ತದೆಂದು ನಿಮಗೇನು ಗೊತ್ತು?

ಹಾಗಾಗಿ ನನ್ನ ಚಿಕ್ಕಮ್ಮ, "ಒಬ್ಬಳು ಹುಡುಗಿ ಇದ್ದಾಳೆ ಕಣೋ, ನಿನ್ನ ಆ ಸಿನಿಮಾದ ದೆವ್ವಕ್ಕೆ ದನಿ ಕೊಟ್ಟವಳು" ಎಂದಾಗ ಫೋಟೋ ಕೂಡ ನೋಡದೆ ಹೂಂ ಅಂದೆ. ಮೊದಲ ಭೇಟಿಯಲ್ಲೇ ಶೂರನಂತೆ, "ನಾನು ಮದುವೆಯಾಗ್ತಿರೋದು ನಿಮ್ಮನ್ನಲ್ಲ, ನಿಮ್ಮ ನಗುವನ್ನ" ಎಂದೂ ಹೇಳಿಬಿಟ್ಟೆ. ಅವಳು ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು. ನಾಚಿಕೆ ಎಂದುಕೊಂಡೆ.

ಆರು ವರ್ಷವಾಯಿತು. ಅವಳನ್ನು ನಗಿಸಲು ನಾನು ಮಾಡದ ಸರ್ಕಸ್ಸಿಲ್ಲ. ಜೋಕು ಹೇಳಿದೆ. ಎರಡು ಬೆರಳು ಎತ್ತಿದಳು, ಕಸ ಹೊರಗಿಟ್ಟು ಬಂದೆ. ಭಾನುವಾರ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ಟಿವಿಯಲ್ಲಿ ಇಂಥದೇ ಸಿನಿಮಾ ಹಾಕಿದರೆ, ನಾನು ಹೊಟ್ಟೆ ಹಿಡಿದುಕೊಂಡು ನಗುವಾಗ ಅವಳು, "ಈ ಕಿರುಚಾಟ ಅರ್ಧ ಸೆಕೆಂಡು ತಡ" ಎನ್ನುತ್ತಾಳೆ. ಒಮ್ಮೊಮ್ಮೆ ತುಟಿ ನಡುಗುತ್ತದೆ. ತಕ್ಷಣ ಎದ್ದು ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಜೋರಾಗಿ ಬಿಡುತ್ತಾಳೆ. ನಾನೊಬ್ಬನೇ ಸೋಫಾದಲ್ಲಿ ಕೂತು, ಒಂದೇ ಒಂದು ಸಲ ನನಗೋಸ್ಕರ ಆ ಬಿಕ್ಕಳಿಕೆಯವರೆಗೂ ನಗಬಾರದೇ ಇವಳು ಎಂದು ಹಂಬಲಿಸುತ್ತೇನೆ. ಹೇಳಿಕೊಳ್ಳಲು ನಾಚಿಕೆ, ಆದರೆ ಕಣ್ಣಲ್ಲಿ ನೀರು ಬಂದದ್ದೂ ಉಂಟು.

ಎರಡು ತಿಂಗಳ ಹಿಂದೆ ಒಂದು ಭಾನುವಾರ ನನಗೆ ಜ್ಞಾನೋದಯವಾಯಿತು. ಸಿನಿಮಾ ತೋರಿಸಿದರೆ ಇವಳು ನಗುವುದಿಲ್ಲ. ನಾನೇ ಸಿನಿಮಾ ಆಗಿಬಿಟ್ಟರೆ?

ಅವಳು ಮಾರ್ಕೆಟ್ಟಿಗೆ ಹೋಗಿದ್ದಳು. ಸೋಫಾದ ಮೇಲೆ ಹೆಣವಾಗಿ ಬಿದ್ದುಕೊಳ್ಳುವುದು, ಅವಳು ಬಂದು ಅಲುಗಾಡಿಸಿದ ಕೂಡಲೇ ತಲೆಯೆತ್ತಿ "ನಿಧಾನ, ಮುಂದೆ ಹೊಂಡ ಇದೆ" ಎನ್ನುವುದು, ಇದು ನನ್ನ ಯೋಜನೆ. ಮುಖಕ್ಕೆ ಕಳೆ ಬರಲೆಂದು ಲ್ಯಾಬಿನಿಂದ ಒಂದು ಹಲ್ಲು ಸೆಟ್ಟು ತಂದಿದ್ದೆ. ಗಿರಾಕಿಗಳಿಗೆ ತೋರಿಸಲು ಇಟ್ಟದ್ದು, ಮಾಮೂಲಿಗಿಂತ ದೊಡ್ಡದು. ನನ್ನ ಸ್ವಂತ ಹಲ್ಲಿನ ಮೇಲೆ ಅದು ನಿಲ್ಲಲೆಂದು ಒಳಗೆಲ್ಲ ಅಚ್ಚು ತೆಗೆಯುವ ಹಿಟ್ಟು ಕಲಸಿ ತುಂಬಿದೆ. ಆ ಹಿಟ್ಟನ್ನು ನಾಲ್ಕು ನಿಮಿಷದೊಳಗೆ ಬಾಯಿಂದ ತೆಗೆಯಬೇಕು ಎಂದು ಲ್ಯಾಬಿನ ಹೊಸಬರಿಗೆಲ್ಲ ಪಾಠ ಹೇಳುವವನು ನಾನೇ. ಗೇಟಿನ ಸದ್ದು ಕೇಳಿದ ಮೇಲೆಯೇ ಹಾಕಿಕೊಂಡೆ. ಅದು ಪಕ್ಕದ ಮನೆಯ ಗೇಟು. ಇನ್ನೇನು ಬಂದಳು, ಇನ್ನೇನು ಬಂದಳು ಎಂದು ಇಪ್ಪತ್ತು ನಿಮಿಷ ಸತ್ತೇ ಇದ್ದೆ.

ಕೊನೆಗೂ ಬಾಗಿಲು ತೆರೆಯಿತು. ಹೆಂಡತಿಯ ದನಿ ಕೇಳಿಸಿತು. "ಬಸ್ ಸ್ಟಾಪಲ್ಲಿ ಸಿಕ್ಕಿದ್ದು ಒಳ್ಳೇದಾಯ್ತು. ಬರ್ತೀನಿ ಅಂತ ಒಂದು ಫೋನಾದ್ರೂ ಮಾಡಬಾರದಿತ್ತಾ ಅಮ್ಮ?"

ಅತ್ತೆ! ಅತ್ತೆಯ ಎದುರು ನಾನು ಆರು ವರ್ಷದಲ್ಲಿ ಒಂದು ಹಗುರ ಮಾತೂ ಆಡಿದವನಲ್ಲ. ಅವರು ಬಂದರೆ ಎದ್ದು ನಿಲ್ಲುತ್ತೇನೆ, ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ಅವರೂ ನನ್ನೆದುರು ಪತ್ರಿಕೆ ಹಿಡಿದು ಗಂಭೀರವಾಗಿ ಕೂರುತ್ತಾರೆ. ಏಳಲೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಅವರು ನನ್ನನ್ನು ಕಂಡೇಬಿಟ್ಟರು.

"ಅಯ್ಯೋ, ಬಾರೇ ಇಲ್ಲಿ! ಅಳಿಯಂದಿರು ಹೋಗ್ಬಿಟ್ಟಿದ್ದಾರೆ ಕಣೆ!"

"ಎಲ್ಲಿಗೆ?" ಎಂದಳು ಹೆಂಡತಿ, ಚೀಲ ಕೆಳಗಿಡುತ್ತ.

"ಎಲ್ಲಿಗೆ ಅಂದ್ರೆ? ಹೋಗೇಬಿಟ್ಟಿದ್ದಾರೆ!" ಅತ್ತೆ ಬಗ್ಗಿ ನೋಡಿರಬೇಕು, ಅವರ ಉಸಿರು ನನ್ನ ಮುಖಕ್ಕೆ ತಾಗಿತು. "ಪಾಪ, ಬದುಕಿದ್ದಾಗ ಒಂದು ದಿನ ನಗಲಿಲ್ಲ. ಹಲ್ಲು ಇಷ್ಟು ಚೆನ್ನಾಗಿದೆ ಅಂತ ಗೊತ್ತೇ ಇರಲಿಲ್ಲ ನೋಡು!"

ಹೆಂಡತಿ ಓಡಿ ಬಂದು ಭುಜ ಹಿಡಿದು ಅಲುಗಾಡಿಸಿದಳು. "ರೀ! ರೀ, ಏಳ್ರೀ!" ಆ ದನಿಯಲ್ಲಿ ಸ್ಟುಡಿಯೋ ಎಳ್ಳಷ್ಟೂ ಇರಲಿಲ್ಲ. ಅಭಿನಯವೂ ಬೇಡ, ಗಿಭಿನಯವೂ ಬೇಡ ಎಂದು ಎದ್ದು ಕೂತು, "ಏನಿಲ್ಲ ಕಣೆ, ತಮಾಷೆ" ಎನ್ನಲು ಹೋದೆ. ಹಿಟ್ಟು ಕಲ್ಲಾಗಿತ್ತು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕಚ್ಚಿಕೊಂಡು ಒಂದೇ ಆಗಿದ್ದವು. ಹೊರಬಂದದ್ದು, "ಹೇಂಹಿಹ್ಹ ಹಹೆ, ಹಹಾಹೆ."

ಅತ್ತೆ ಎರಡು ಹೆಜ್ಜೆ ಹಿಂದೆ ಹಾರಿದರು. ಹೆಂಡತಿ ನನ್ನ ಮುಖ ನೋಡಿದಳು. ಹಲ್ಲು ನೋಡಿದಳು. ಹಲ್ಲಿಗೆ ಅಂಟಿಸಿದ್ದ ಲ್ಯಾಬಿನ ಚೀಟಿ ಓದಿದಳು: "ಪ್ರದರ್ಶನಕ್ಕೆ ಮಾತ್ರ. ಮುಟ್ಟಬೇಡಿ."

ಆಮೇಲೆ ನಕ್ಕಳು.

ಮೊದಲು ಸದ್ದೇ ಇಲ್ಲ, ಹೆಗಲು ಮಾತ್ರ ಕುಣಿಯಿತು. ಆಮೇಲೆ ನೀರಿಲ್ಲದ ಕೈಪಂಪಿನಂತೆ ಕೀಂಯ್ ಕೀಂಯ್ ಎಂದು ಉಸಿರೆಳೆದಳು. ಮೂಗಿನಿಂದ ಒಂದು ಸಿಳ್ಳೆ, ಗಂಟಲಿನಿಂದ ಒಂದು ಗೊರಕೆ. ನೆಲದ ಮೇಲೆ ಕುಸಿದು ಕೂತು, ಕಣ್ಣು ಒರೆಸಿಕೊಂಡು, ಮತ್ತೆ ಕೀಂಯ್. ಬಿಕ್ಕಳಿಕೆ ಬರಲೇ ಇಲ್ಲ. ನಾನು, ಮೂರ್ಖಶಿಖಾಮಣಿ, ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದೆ: "ಇದು ಆ ನಗು ಅಲ್ಲ."

ಅವಳು ನಗು ನಿಲ್ಲಿಸಿದಳು.

"ಅದು ನಂದಲ್ಲ ರೀ. ಆ ಸಿನಿಮಾದ ಮಾತೆಲ್ಲ ನಂದೇ. ನಗೋ ದಿನ ನನಗೆ ಗಂಟಲು ಕಟ್ಟಿತ್ತು. ಜೊತೆಗೆ ಅಮ್ಮ ಬಂದಿದ್ಲು. ಪರದೆ ಮೇಲೆ ಹೆಣ ಹೊತ್ತೋರು ಹೊಂಡಕ್ಕೆ ಬೀಳೋದನ್ನ ನೋಡಿ ಅಮ್ಮ ನಕ್ಕಿದ್ದನ್ನೇ ರೆಕಾರ್ಡ್ ಮಾಡ್ಕೊಂಡ್ರು. ನಿಮಗೆ ಹೇಳೋಣ ಅಂತಿದ್ದೆ. ನೀವು ನೋಡಿದ್ರೆ ಮೊದಲನೇ ದಿನಾನೇ ನಗುವನ್ನ ಮದುವೆಯಾಗ್ತೀನಿ ಅಂದ್ರಿ. ಸ್ಟುಡಿಯೋದಲ್ಲಿ ನಗೋದು ಕಲಿತ ನಗು. ನನ್ನ ಹುಟ್ಟು ನಗು ಇದು. ಇದನ್ನ ಕೇಳಿ ನಿಮಗೆ ಬೇಜಾರಾದ್ರೆ ಅಂತ, ನಗು ಬಂದಾಗೆಲ್ಲ ನಲ್ಲಿ ಬಿಟ್ಕೊಂಡು ನಗ್ತಿದ್ದೆ."

ಆರು ವರ್ಷ! ಒಂದೇ ಗೋಡೆಯಾಚೆ, ನನ್ನದೇ ಜೋಕಿಗೆ ಇವಳು ನಕ್ಕಿದ್ದಾಳೆ, ನಾನು ಈಚೆ ಕೂತು ಅತ್ತಿದ್ದೇನೆ. ಪತ್ರಿಕೆಯ ಇನ್ನೊಂದು ಅಂಚಿನಲ್ಲಿ ಬರೆದೆ: "ಇನ್ನೊಂದು ಸಲ ನಗು. ನಿನ್ನದನ್ನೇ."

"ಕೇಳಿದ್ರೆ ಬರಲ್ಲ ರೀ," ಎಂದಳು ಮೆಲ್ಲಗೆ.

ಅಷ್ಟರಲ್ಲಿ ಅತ್ತೆಗೆ ಅರ್ಥವಾಗತೊಡಗಿತ್ತು. "ಅಂದ್ರೆ ಅಳಿಯಂದಿರು ಇಷ್ಟು ವರ್ಷ ನನ್ನ ನಗೂನ..." ಎಂದು ನನ್ನತ್ತ ತಿರುಗಿದರು. ನಾನು ಅಭ್ಯಾಸಬಲದಿಂದ ಎದ್ದು ನಿಂತು, ಹಲ್ಲು ಕಿಸಿದುಕೊಂಡೇ, ಗಂಭೀರವಾಗಿ ಕೈಕಟ್ಟಿದೆ. ಅತ್ತೆಯ ಹೊಟ್ಟೆಯೊಳಗೆಲ್ಲೋ ಗುಡುಗುಡು ಎಂದಿತು. ಮೆಟ್ಟಿಲು ಹತ್ತಿತು. ತುತ್ತತುದಿಯಲ್ಲಿ, ಅದೋ, ಬಿಕ್ಕಳಿಕೆ! ಹನ್ನೊಂದು ಸಲ ಟಿಕೆಟ್ ತೆಗೆದು ಕೇಳಿದ್ದು ಹನ್ನೆರಡನೆಯ ಸಲ ಪುಕ್ಕಟೆಯಾಗಿ ಸಿಕ್ಕಿತು. ಆದರೆ ನನ್ನ ಕಿವಿ ಅಲ್ಲಿರಲಿಲ್ಲ. ನೆಲದ ಮೇಲೆ ಕೂತವಳಿಂದ ಇನ್ನೊಂದು ಕೀಂಯ್ ಬಂದೀತೇ ಎಂದು ಕಾಯುತ್ತಿತ್ತು.

ಸಂಜೆ ಲ್ಯಾಬಿನಲ್ಲಿ ನನ್ನ ಕೈಕೆಳಗಿನವರೇ ಹಲ್ಲು ಒಡೆದು ತೆಗೆದರು. (ನಾಲ್ಕು ನಿಮಿಷದ ಪಾಠವನ್ನು ನನಗೇ ಒಪ್ಪಿಸಿದರು.) ಅಂದಿನಿಂದ ಪ್ರತಿ ಭಾನುವಾರ ಹೊಸ ಹೊಸ ರೀತಿಯಲ್ಲಿ ಸಾಯುತ್ತಿದ್ದೇನೆ. ಮೇಜಿನ ಕೆಳಗೆ ಸತ್ತಿದ್ದೇನೆ, ಬಟ್ಟೆ ಒಗೆಯುವ ಮೆಷಿನ್ನಿಗೆ ಒರಗಿಕೊಂಡು ಸತ್ತಿದ್ದೇನೆ. ಅತ್ತೆ ಊರಿಗೆ ಹೋಗುವುದನ್ನೇ ಮುಂದೂಡಿ, ಎದುರು ಕುರ್ಚಿಯಲ್ಲಿ ಕೂತು ಬಿಕ್ಕಳಿಕೆಯವರೆಗೂ ನಗುತ್ತಾರೆ. ಹೆಂಡತಿ ಬಂದು ನನ್ನ ಸುತ್ತ ಒಂದು ಸುತ್ತು ಹಾಕಿ, "ಹೋದ ಸಲ ಇದಕ್ಕಿಂತ ಚೆನ್ನಾಗಿ ಸತ್ತಿದ್ರಿ" ಎಂದು ಹೇಳಿ ಅಡುಗೆಮನೆಗೆ ಹೋಗುತ್ತಾಳೆ. ನಾನು ಹೆಣದಂತೆ ಉಸಿರು ಬಿಗಿಹಿಡಿದು, ನಲ್ಲಿ ಬಿಡುತ್ತಾಳೋ ಇಲ್ಲವೋ ಎಂದು ಕಾಯುತ್ತ ಬಿದ್ದಿರುತ್ತೇನೆ.